ನೀರಪಲ್ಕೆಯ ಮುದಲೆ

ನೀರಪಲ್ಕೆಯ ಕೆರೆಗೆ ಎರಡು ದಡ. ಕೆರೆ ಎಂದಮೇಲೆ ಸುತ್ತ ಒಂದೇ ದಡ ಇರುವುದು ಎಂದು ವಾದಿಸುವವರು ಮುಂಡಾಜೆಯಿಂದ ಚಾರ್ಮಾಡಿ ರಸ್ತೆಯಲ್ಲಿ ಮೂರು ಮೈಲಿ ಮೇಲೆ ಹೋಗಿ, ಎಡಕ್ಕೆ ಸರಕಾರಿ ಕಾಡಿನೊಳಗೆ ತಿರುಗಿ, ಕಣ್ಣಾರೆ ನೋಡಿ ಬರಬಹುದು. ಒಂದು ಜತ್ತಪ್ಪನ ದಡ. ಇನ್ನೊಂದು ಅವನ ಹೆಂಡತಿಯ ಅಣ್ಣ ಚಿನ್ನಯ್ಯನ ದಡ. ನಡುವೆ ತುಂಬಿಕೊಂಡದ್ದು ಹೊಟ್ಟೆಕಿಚ್ಚು. ಸಾವಿರದ ಒಂಬೈನೂರ ಐವತ್ತೆಂಟರ ಸುಗ್ಗಿ ತಿಂಗಳಲ್ಲಿ ಆ ಕಿಚ್ಚಿಗೆ ಕೆರೆಯ ಮೀನುಗಳೆಲ್ಲ ಬೆಂದು ತೇಲಿದವು ಎಂದು ಬಸ್ಸಿನ ಡ್ರೈವರ್ ಹಾಜಬ್ಬ ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಹೇಳಿಕೊಂಡು ಹೋಗಿದ್ದ. ಅದು ಶುದ್ಧ ಸುಳ್ಳು. ಮೀನುಗಳಿಗೆ ಏನೂ ಆಗಿರಲಿಲ್ಲ. ಎರಡೋ ಮೂರೋ ಏಡಿಗಳು ಬೆಂದದ್ದು ಹೌದು.

ಕೆರೆ ಎಂದರೆ ಅಂಥ ಕೆರೆ. ಹನ್ನೆರಡು ಆಳು ಆಳದಲ್ಲಿ ಸೂಜಿ ಬಿದ್ದರೆ ದಡದಲ್ಲೇ ಕೂತು ಅದರ ಕಣ್ಣಿಗೆ ನೂಲು ಗುರಿಯಿಡಬಹುದು, ನೀರು ಅಷ್ಟು ತಿಳಿ. ಮೂರು ಕಡೆ ಕಾಡು, ಒಂದು ಕಡೆ ದೊಡ್ಡ ಪಾದೆಕಲ್ಲು. ಮಳೆ ತೊಳೆದ ಆಕಾಶದಲ್ಲಿ ಆ ಪಾದೆ ಹತ್ತಿ ನಿಂತರೆ ದೂರದಲ್ಲಿ ಕಡಲು ಬಿಳಿ ದಾರದ ಹಾಗೆ ಕಾಣುತ್ತಿತ್ತು. ಸಾಧಾರಣ ಕಣ್ಣಿನವರಿಗೆ ದಾರ; ಜತ್ತಪ್ಪನ ಕಣ್ಣಿಗೆ ಮಂಗಳೂರಿನ ದೋಣಿಗಳು, ದೋಣಿಯೊಳಗಿನ ಬಲೆ, ಬಲೆಯೊಳಗೆ ಬೂತಾಯಿಯೋ ಬಂಗುಡೆಯೋ ಎಂಬುದು ಕೂಡ. ಆದಿತ್ಯವಾರ ಬಂತೆಂದರೆ ಬಂಟ್ವಾಳದ ವ್ಯಾಪಾರಿಗಳು ಸಂಸಾರ ಸಮೇತ, ಮೂಡಬಿದಿರೆಯ ಶಾಲೆಯವರು ಮಕ್ಕಳ ಸಾಲು ಸಮೇತ, ಬೆಳ್ತಂಗಡಿಯ ಕಚೇರಿಯವರು ಬುತ್ತಿ ಸಮೇತ ಹಾಜಬ್ಬನ ಬಸ್ಸಿನಲ್ಲಿ ಬಂದಿಳಿಯುತ್ತಿದ್ದರು. ಕಡಲ ಕರೆಯಲ್ಲೇ ಹುಟ್ಟಿ ಬೆಳೆದವರೂ ಕಡಲನ್ನು ಮೇಲಿನಿಂದ ನೋಡಲಿಕ್ಕೆ ಈ ಬೆಟ್ಟ ಹತ್ತುತ್ತಿದ್ದರು.

ಬಂದವರಿಗೆಲ್ಲ ಹನ್ನೊಂದು ವರ್ಷದಿಂದ ಚಾ ಕೊಟ್ಟವನು ಜತ್ತಪ್ಪ. ಸೋಗೆ ಮಾಡಿನ ಅಂಗಡಿ, ಎರಡು ಬೆಂಚು, ಒಂದು ಒಲೆ, ಒಲೆಯ ಮುಂದೆ ಹೆಂಡತಿ ನೀಲಾವತಿ. ಅವನ ಚಾ ಕುಡಿದವನು ಇಲ್ಲಿ ಎಳೆದ ಉಸಿರನ್ನು ಚಾರ್ಮಾಡಿ ಘಾಟಿ ಹತ್ತಿ ಮುಗಿಸಿ ಕೊಟ್ಟಿಗೆಹಾರದಲ್ಲಿ ಬಿಡುತ್ತಿದ್ದ. ನೀಲಾವತಿಯ ಗೋಳಿಬಜೆಯೋ, ಎಣ್ಣೆಗೆ ಬಿದ್ದ ಕೂಡಲೇ ಅದರ ಪರಿಮಳಕ್ಕೆ ಕಾಡಿನ ಹುಲಿ ಒಂದು ದಿನ ಸಸ್ಯಾಹಾರಿ ಆಗುವ ಯೋಚನೆ ಮಾಡಿತ್ತು.

ಹೀಗೆ ಒಬ್ಬನೇ ರಾಜನಾಗಿದ್ದವನ ಎದುರು ಹಿಂದಿನ ವರ್ಷದ ದೀಪಾವಳಿಗೆ ಬಂದಿಳಿದ, ಕೊಕ್ಕಡದಿಂದ, ಭಾವ ಚಿನ್ನಯ್ಯ. ಹೆಸರಿನಲ್ಲೇ ಚಿನ್ನ. ಬರುವಾಗ ಸುಮ್ಮನೆ ಬಂದನೇ? ಬಂಟ್ವಾಳದ ಹೊಳೆಯಲ್ಲಿ ಸಾಮಾನು ಸಾಗಿಸುತ್ತಿದ್ದ ಒಂದು ಹಳೆಯ ದೋಣಿಯನ್ನು ಎತ್ತಿನ ಗಾಡಿಯ ಮೇಲೆ ಮಲಗಿಸಿಕೊಂಡು ಬಂದ. ಅದಕ್ಕೆ ನೀಲಿ ಬಣ್ಣ ಬಳಿದ. ಎದುರು ದಡದ ಹಲಸಿನ ಮರಕ್ಕೆ ಉಯ್ಯಾಲೆ ಕಟ್ಟಿದ. ದೋಣಿ ನಡೆಸುವಾಗ ಹಾಡು ಬೇರೆ ಹೇಳುತ್ತಿದ್ದ. ಮೂರನೆಯ ಆದಿತ್ಯವಾರಕ್ಕೆ ಬಸ್ಸಿನಿಂದ ಇಳಿದವರು ಜತ್ತಪ್ಪನ ಬೆಂಚಿನ ಮುಂದೆ ಹಾದು, "ದೋಣಿ ಎಲ್ಲಿ? ದೋಣಿ ಎಲ್ಲಿ?" ಎಂದು ಕೇಳುತ್ತಾ ನೀರಿನ ಕಡೆ ಓಡಿದರು.

ದಾರಿ ತೋರಿಸುವ ಕೆಲಸ ಜತ್ತಪ್ಪನದಾಯಿತು.

ನೀರಿನ ಮೇಲೆ ಸದ್ದು ದೂರ ಹೋಗುತ್ತದೆ. ಆ ದಡದಲ್ಲಿ ಯಾರಾದರೂ ನಕ್ಕರೆ ಈ ದಡದಲ್ಲಿ ಜತ್ತಪ್ಪನಿಗೆ ಕಿವಿಯ ಒಳಗೇ ನಕ್ಕ ಹಾಗೆ. ಅವನು ಲೋಟ ತೊಳೆಯುತ್ತಾ ಆ ದಡದ ತಲೆಗಳನ್ನು ಎಣಿಸುತ್ತಿದ್ದ. ಇಪ್ಪತ್ತೆರಡು. ಈ ದಡದಲ್ಲಿ, ನೀಲಾವತಿಯನ್ನು ಬಿಟ್ಟು, ಮೂರು. ಅದರಲ್ಲಿ ಒಂದು ಹಾಜಬ್ಬನದ್ದು, ಎರಡನೆಯದು ತನ್ನದೇ, ಮೂರನೆಯದು ನಾಯಿಯದ್ದು.

ಇದೆಲ್ಲವನ್ನೂ ನುಂಗಬಹುದಿತ್ತು. ನುಂಗಲಿಕ್ಕಾಗದ್ದು ಒಂದಿತ್ತು. ನೀಲಾವತಿ ಪ್ರತಿ ಆದಿತ್ಯವಾರ ಮೊದಲ ಬಾಣಲೆಯ ಗೋಳಿಬಜೆಯನ್ನು ಬಾಳೆಲೆಯಲ್ಲಿ ಕಟ್ಟಿ ಆ ದಡಕ್ಕೆ ಕಳಿಸುತ್ತಿದ್ದಳು. ಅಲ್ಲಿ ಒಲೆ ಇರಲಿಲ್ಲ. ತಂಗಿಯ ಕಟ್ಟನ್ನೇ ಚಿನ್ನಯ್ಯ ದೋಣಿಗೆ ಬಂದವರಿಗೆ ಹಂಚುತ್ತಿದ್ದ. "ಆಹಾ! ಚಿನ್ನಯ್ಯನ ಗೋಳಿಬಜೆ!" ಎಂಬ ಉದ್ಗಾರ ನೀರಿನ ಮೇಲಿಂದ ತೇಲಿ ಬಂದು ಜತ್ತಪ್ಪನ ಎದೆಗೆ ಬಡಿಯುತ್ತಿತ್ತು. ಹಿಟ್ಟು ಅವನದು, ಎಣ್ಣೆ ಅವನದು, ಒಲೆ ಅವನದು, ಹೆಂಡತಿ ಅವನವಳು. ಹೆಸರು ಮಾತ್ರ ಭಾವನದು.

"ಇವತ್ತು ಎಷ್ಟು ಕಟ್ಟಿದ್ದಿ?" ಎಂದು ಅವನು ಒಂದು ಬೆಳಿಗ್ಗೆ ಕೇಳಿದ.

"ಎಣಿಸಿ ಕೊಡ್ಲಿಕ್ಕೆ ಅವ ಎಂತ ನೆಂಟನಾ? ನನ್ನ ಅಣ್ಣ," ಎಂದಳು ನೀಲಾವತಿ.

"ನೆಂಟನಾದ್ರೆ ಒಂದು ದಿನ ಬಂದು ಹೋಗ್ತಿದ್ದ. ಇವ ಕೂತಿದ್ದಾನಲ್ಲ."

"ಕೂತದ್ರಿಂದ ನಿಮ್ಗೆ ಎಂತಾಯ್ತು? ಅವ ಬಂದ ಮೇಲೆ ಈ ಕೆರೆಗೆ ಒಂದು ಕಳೆ ಬಂತು. ಆ ದೋಣಿ, ಆ ಹಾಡು, ಆ ಉಯ್ಯಾಲೆ... ನನ್ನ ಅಣ್ಣನ ಹಾಗೆ ತಲೆ ಓಡಿಸುವವರು ಈ ತಾಲೂಕಿನಲ್ಲೇ ಇಲ್ಲ."

"ನಾನು ಹನ್ನೊಂದು ವರ್ಷದಿಂದ ಇಲ್ಲಿ ಎಂತ ಓಡಿಸಿದ್ದು ಮತ್ತೆ?"

ನೀಲಾವತಿ ಜಾಲರಿ ಸೌಟು ಎತ್ತಿ ಒಂದು ಗೋಳಿಬಜೆಯನ್ನು ಮಗುಚಿ ಹಾಕಿ ಹೇಳಿದಳು: "ನೊಣ."

ನೋಡಿ, ಮದುವೆಯಾಗಿ ಹದಿನಾಲ್ಕು ವರ್ಷ. "ನಿಮ್ಮ ಹಾಗಿನವರು ಇಲ್ಲ" ಎಂಬ ಒಂದು ಮಾತು, ತಮಾಷೆಗಾದರೂ ಒಂದು ಸಲ, ಅವಳ ಬಾಯಿಂದ ಬಂದಿರಲಿಲ್ಲ. "ನನ್ನ ಅಣ್ಣನ ಹಾಗಿನವರು ಇಲ್ಲ" ಎಂಬುದು ದಿನಕ್ಕೆ ನಲವತ್ತು ಸಲ. ಆ ದಿನ ಜತ್ತಪ್ಪನ ಹೊಟ್ಟೆ ಉರಿದ ರಭಸಕ್ಕೆ ಪಕ್ಕದಲ್ಲಿಟ್ಟ ತಣ್ಣೀರಿನ ಕೊಡ ಕುದಿಯಿತು. ಒಂದು ಕಟ್ಟಿಗೆ ಉಳಿಯಿತು ಎಂದು ನೀಲಾವತಿ ಅದರಲ್ಲೇ ಚಾ ಮಾಡಿದಳು.

ಅಂಥ ಸಮಯದಲ್ಲಿ ಹಾಜಬ್ಬ ಸುದ್ದಿ ತಂದ. ಬಸ್ಸನ್ನು ರಸ್ತೆಯ ತಿರುವಿನಲ್ಲಿ ನಿಲ್ಲಿಸಿ, ಪ್ರಯಾಣಿಕರನ್ನು ಅದರಲ್ಲೇ ಬೇಯಲು ಬಿಟ್ಟು, ಓಡಿ ಬಂದು ಬೆಂಚಿನಲ್ಲಿ ಕೂತ.

"ಜತ್ತಪ್ಪಣ್ಣ, ಗೊತ್ತುಂಟಾ? ಬರುವ ಆದಿತ್ಯವಾರ ಮೈಸೂರು ಕಡೆಯ ದೊಡ್ಡ ಸಾಹೇಬ್ರು ಬರ್ಲಿಕ್ಕುಂಟು. ಈ ಕಾಡು, ಕೆರೆ, ಆ ಪಾದೆ ಎಲ್ಲ ಸೇರಿಸಿ ಸರಕಾರ ರಾಷ್ಟ್ರೀಯ ಉದ್ಯಾನವನ ಮಾಡ್ತದಂತೆ."

"ಉದ್ಯಾನವನವಾ? ಹುಲಿ ತಿರುಗುವಲ್ಲಿ ಸೇವಂತಿಗೆ ನೆಡ್ತಾರಾ ಮಾರಾಯ?"

"ನೆಟ್ರೆ ಹುಲಿ ಮುಡ್ಕೊಳ್ತದೆ, ನಿನಗೆಂತ? ವಿಷಯ ಅದಲ್ಲ. ಸಾಹೇಬ್ರು ಎರಡೂ ದಡ ನೋಡಿ, ಯಾರು ಇರ್ಬೇಕು, ಯಾರು ಗಂಟುಮೂಟೆ ಕಟ್ಬೇಕು ಅಂತ ಬರ್ಕೊಂಡು ಹೋಗ್ತಾರೆ. ಒಂದು ಸಲ ಬರೆದರೆ ಆಯ್ತು, ಮತ್ತೆ ಬ್ರಹ್ಮ ಬಂದ್ರೂ ಇಲ್ಲ."

ಜತ್ತಪ್ಪನ ಕೈಯ ಲೋಟ ನಿಂತಿತು. ತನ್ನ ಅಂಗಡಿ ಹೋದೀತು ಎಂಬ ಭಯ ಅವನಿಗೆ ಹತ್ತು ಕ್ಷಣ ಮಾತ್ರ ಇತ್ತು. ಹನ್ನೊಂದನೆಯ ಕ್ಷಣಕ್ಕೆ ಭಾವನ ನೀಲಿ ದೋಣಿ ಮತ್ತೆ ಎತ್ತಿನ ಗಾಡಿ ಹತ್ತಿ ಕೊಕ್ಕಡಕ್ಕೆ ಹೊರಟ ಚಿತ್ರ ಕಣ್ಣಿಗೆ ಬಂತು. ಅದು ಎಷ್ಟು ಚಂದದ ಚಿತ್ರವೆಂದರೆ ಉಳಿದದ್ದೆಲ್ಲ ಮರೆತುಹೋಯಿತು.

ನಾಲ್ಕು ದಿನ ಅವನು ಯೋಚಿಸಿದ. ಐದನೆಯ ದಿನ ಉಪಾಯ ಹೊಳೆಯಿತು. ಆ ದಡದ ನೀರಿನಲ್ಲಿ ಮುದಲೆ ಉಂಟು ಎಂದು ಸಾಹೇಬರ ಕಿವಿಗೆ ಹಾಕುವುದು! ತುಳುವರ ಬಾಯಲ್ಲಿ ಮುದಲೆ ಎಂದರೆ ಮೊಸಳೆ. ಮೊಸಳೆ ಎಂಬ ಪುಸ್ತಕದ ಮಾತು ಜತ್ತಪ್ಪನಿಗೆ ಗೊತ್ತಿರಲಿಲ್ಲ. ಆ ಪಾಠ ನಾಲ್ಕನೆಯ ತರಗತಿಯಲ್ಲಿತ್ತು, ಅವನು ಶಾಲೆ ಬಿಟ್ಟದ್ದು ಮೂರರಲ್ಲಿ. ನೀರಪಲ್ಕೆಯಲ್ಲಂತೂ ಹಲ್ಲಿಗಿಂತ ದೊಡ್ಡ ಮುದಲೆಯನ್ನು ಯಾರೂ ಕಂಡಿರಲಿಲ್ಲ. ಅದಕ್ಕೂ ಅವನಲ್ಲಿ ದಾರಿ ಇತ್ತು. ಆದಿತ್ಯವಾರ ಬೆಳಕು ಹರಿಯುವಾಗ, ಚಿನ್ನಯ್ಯ ಏಳುವ ಮೊದಲು, ಒಂದು ಹಳೆಯ ಹಲಸಿನ ಬೊಡ್ಡೆಯನ್ನು ಈಜುತ್ತಾ ತಳ್ಳಿಕೊಂಡು ಹೋಗಿ ಆ ದಡದ ಹತ್ತಿರ ಬಳ್ಳಿಯಿಂದ ಕಟ್ಟಿದ. ಬೆನ್ನಿನ ಮೇಲೆ ಕೊಡಲಿಯಲ್ಲಿ ಕೊಚ್ಚಿದ ಕಚ್ಚುಗಳು, ಮುಂದೆ ಕಣ್ಣಿಗೆ ಎರಡು ತೆಂಗಿನ ಗೆರಟೆ. ಅದು ಎಷ್ಟು ಒಪ್ಪಿತ್ತೆಂದರೆ ಈಜಿ ಹಿಂದೆ ಬರುವಾಗ ಅವನೇ ಒಂದು ಸಲ ತಿರುಗಿ ನೋಡಿ, ಬೊಬ್ಬೆ ಹೊಡೆದು, ಉಳಿದ ಅರ್ಧ ಕೆರೆಯನ್ನು ಮೂರೇ ಬೀಸಿನಲ್ಲಿ ದಾಟಿದ.

ಸಾಹೇಬರು ಬಂದರು. ಅವರ ಜೀಪು ಉಜಿರೆಯಲ್ಲಿ ಕೈಕೊಟ್ಟು, ಹಾಜಬ್ಬನ ಬಸ್ಸಿನಲ್ಲೇ, ಕೋಳಿಯ ಬುಟ್ಟಿಗಳ ನಡುವೆ ಬಂದಿಳಿದರು. ದಪ್ಪ ಕನ್ನಡಕ, ಕೈಯಲ್ಲಿ ಕಾಗದದ ಕಟ್ಟು. ನಮ್ಮ ಜಿಲ್ಲೆ ಮೈಸೂರಿಗೆ ಸೇರಿ ಒಂದೂವರೆ ವರ್ಷವಾಗಿತ್ತಷ್ಟೆ. ಇಲ್ಲಿಯ ಮಾತನ್ನು ಅವರು ಆಸೆಪಟ್ಟು ಕಲಿಯುತ್ತಿದ್ದರು. 'ಇದೆ' ಎನ್ನಲಿಕ್ಕೆ 'ಉಂಟು' ಎನ್ನಬೇಕು ಎಂಬಲ್ಲಿಗೆ ತಮ್ಮ ಕಲಿಕೆ ಮುಗಿಯಿತು ಎಂದೇ ನಂಬಿದ್ದರು.

ನೀಲಾವತಿ ಚಾ ತಂದಿಟ್ಟು, ಒಲೆಯ ಹತ್ತಿರ ನಿಂತಳು. ಎಣ್ಣೆಯ ಸದ್ದಿನಲ್ಲಿ ಅವಳಿಗೆ ಸಾಹೇಬರ ದೊಡ್ಡ ಸ್ವರ ಮಾತ್ರ ಕೇಳುತ್ತಿತ್ತು, ಗಂಡನ ಮಾತು ಕೇಳುತ್ತಿರಲಿಲ್ಲ. ಹಾಜಬ್ಬ ಬೆಂಚಿನ ತುದಿಯಲ್ಲಿ ಕೂತ. ಸಾಹೇಬರು ಪೆನ್ನು ತೆಗೆದರು.

"ಏನ್ರೀ ಜತ್ತಪ್ಪ, ನೀವು ಹಳಬರು ಅಂದ್ರು ಡ್ರೈವರ್. ಆ ದಡದ ವಿಷಯ ಹೇಳಿ. ಅಲ್ಲಿ ಏನೇನಿದೆ?"

ಈ ಒಂದು ಪ್ರಶ್ನೆಗೇ ಅವನು ಇಷ್ಟು ದಿನ ಕಾದದ್ದು. ಕೈ ಮುಗಿದು, ಸ್ವರ ತಗ್ಗಿಸಿ ಹೇಳಿದ: "ಆ ದಡದಲ್ಲಿ ಮುದಲೆ ಉಂಟು ಸ್ವಾಮಿ."

"ಮೊದಲೇ ಉಂಟು," ಎಂದು ಸಾಹೇಬರು ಬರೆದುಕೊಂಡರು. ಈ ಕಡೆಯವರು ಒಕಾರವನ್ನು ಉಕಾರ ಮಾಡುತ್ತಾರೆ ಎಂದು ಮನಸ್ಸಿನಲ್ಲೇ ಒಂದು ಟಿಪ್ಪಣಿಯನ್ನೂ ಹಾಕಿಕೊಂಡರು. "ಸರಿ. ದೋಣಿ ನಿಲ್ಲಿಸೋ ಜಾಗ?"

"ಅಲ್ಲಿಯೇ ಸ್ವಾಮಿ ಮುದಲೆ ಉಂಟು! ದೋಣಿಗೆ ತಾಗಿಕೊಂಡೇ ಉಂಟು."

"ಅದೂ ಮೊದಲೇ ಉಂಟು. ಭೇಷ್. ಜನ ಸ್ನಾನಕ್ಕೆ ಇಳಿಯೋಕೆ?"

"ಸ್ನಾನಕ್ಕೆ ಇಳಿಯುವಲ್ಲಿಯೂ ಮುದಲೆ ಉಂಟು!"

"ಪರವಾಗಿಲ್ವೇ! ತಿನ್ನೋದಕ್ಕೆ ಗಿನ್ನೋದಕ್ಕೆ?"

ಇಷ್ಟು ಹೇಳಿದರೂ ಈ ಮನುಷ್ಯ ಹೆದರುವುದಿಲ್ಲವಲ್ಲ ಎಂದು ಜತ್ತಪ್ಪನಿಗೆ ಆಶ್ಚರ್ಯ. ಸರಕಾರದ ಎದೆ ಗಟ್ಟಿ ಎಂದುಕೊಂಡು ಇನ್ನೂ ಒತ್ತಿ ಹೇಳಿದ: "ತಿನ್ನಲಿಕ್ಕೇ ಮುದಲೆ ಉಂಟಲ್ಲವಾ ಸ್ವಾಮಿ! ಮಕ್ಕಳು, ಹೆಂಗಸರು, ಮುದುಕರು ಅಂತ ಇಲ್ಲ. ಹತ್ತಿರ ಹೋದ ಒಬ್ಬರನ್ನೂ ಬಿಡುವುದಿಲ್ಲ."

"ಒಬ್ಬರನ್ನೂ ಬಿಡೋದಿಲ್ಲ!" ಸಾಹೇಬರ ಕಣ್ಣು ಕನ್ನಡಕದ ಹಿಂದೆ ಅರಳಿತು. "ಅಷ್ಟೊಂದು ಉಪಚಾರವೇ? ಎಷ್ಟು ಕಾಲದಿಂದ?"

"ನಮ್ಮ ಅಜ್ಜನ ಕಾಲದಿಂದ," ಎಂದು ಜತ್ತಪ್ಪ ಹಿಂದೆ ಮುಂದೆ ನೋಡದೆ ಬಿಟ್ಟ. "ಅಜ್ಜ ಹೇಳ್ತಿದ್ದರು, ಅವರ ಅಜ್ಜನ ಕಾಲದಲ್ಲಿಯೂ ಇತ್ತು ಅಂತ. ನೋಡಿ, ಅಲ್ಲಿ ಕಾಣ್ತದೆ!" ಎಂದು ನೀರಿನಲ್ಲಿ ತೇಲುವ ಬೊಡ್ಡೆಯ ಕಡೆ ಬೆರಳು ಚಾಚಿದ.

ಸಾಹೇಬರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಬಗ್ಗಿ ನೋಡಿದರು. "ಓ! ದೋಣಿಗೆ ಹತ್ತೋಕೆ ಮರದ ಮೆಟ್ಟಿಲು! ಹಿಡ್ಕೊಂಡು ನಿಲ್ಲೋಕೆ ಕಚ್ಚು ಬೇರೆ ಮಾಡಿದ್ದಾರೆ."

ಬೆಂಚಿನ ತುದಿಯಲ್ಲಿ ಹಾಜಬ್ಬನ ಚಾ ಮೂಗಿಗೆ ಹತ್ತಿತು. ಅವನಿಗೆ ವಿಷಯ ಎರಡನೆಯ ಮುದಲೆಯಲ್ಲೇ ತಿಳಿದಿತ್ತು. ಕೆಮ್ಮುತ್ತಾ ಎದ್ದು ಕಾಡಿನ ಕಡೆ ಹೋಗಿ, ಒಂದು ಮರವನ್ನು ತಬ್ಬಿಕೊಂಡು ನಕ್ಕ. ಮರದ ಎಲೆಗಳೆಲ್ಲ ಉದುರಿ ಅದು ಮುಂದಿನ ಮಳೆಗಾಲದವರೆಗೆ ಬೋಳಾಗಿಯೇ ಇತ್ತು.

"ಕೊನೇ ಪ್ರಶ್ನೆ," ಎಂದರು ಸಾಹೇಬರು. "ನಿಮ್ಮ ಈ ದಡದಲ್ಲಿ?"

"ಇಲ್ಲಿಯಾ?" ಜತ್ತಪ್ಪ ಎದೆಯ ಮೇಲೆ ಕೈ ಇಟ್ಟ. "ಇಲ್ಲಿ ಮುದಲೆ ಇಲ್ಲವೇ ಇಲ್ಲ ಸ್ವಾಮಿ. ದೇವರಾಣೆಗೂ ಇಲ್ಲ. ಬೇಕಾದರೆ ಯಾರನ್ನೂ ಕೇಳಿ."

ಸಾಹೇಬರು ಪೆನ್ನು ಇಟ್ಟು ಅವನ ಮುಖವನ್ನೇ ನೋಡಿದರು. "ಸರ್ವೀಸಿನಲ್ಲಿ ಇಪ್ಪತ್ತು ವರ್ಷ ಆಯ್ತು ನನಗೆ. ಹೀಗೆ ತನ್ನ ವಿರುದ್ಧ ತಾನೇ ಸತ್ಯ ಹೇಳೋ ಮನುಷ್ಯನ್ನ ನೋಡಿರಲಿಲ್ಲ. ಇಲ್ಲಿ ಒಂದು ಸಹಿ ಹಾಕಿ."

ಹೊಗಳಿಕೆಯ ಗುಂಗಿನಲ್ಲಿ ಜತ್ತಪ್ಪ ಸಹಿ ಹಾಕಿದ. ಮೂರನೆಯ ತರಗತಿಯ ಸಹಿ. ಕಾಗದದ ಮುಕ್ಕಾಲು ಪಾಲು ಅದೇ ತುಂಬಿತು. ಆಮೇಲೆ ಸಾಹೇಬರು ಬೇರೊಂದು ಕಾಗದ ಬಿಡಿಸಿ, ಸಭೆಯಲ್ಲಿ ಓದುವ ಹಾಗೆ ಓದಿದರು:

"ಸರಕಾರದ ನಿಯಮ. ಐದು ವರ್ಷಕ್ಕಿಂತ ಮೊದಲೇ ಇಲ್ಲಿ ಇದ್ದವರು ಇರಬಹುದು. ಮೊದಲು ಇಲ್ಲದೆ ಆಮೇಲೆ ಬಂದವರು ಮೇ ತಿಂಗಳ ಕೊನೆಯೊಳಗೆ ಜಾಗ ಬಿಡಬೇಕು. ಆ ದಡ ಅಜ್ಜನ ಕಾಲದಿಂದ ಮೊದಲೇ ಉಂಟು, ಇರಲಿ. ಈ ದಡ ಮೊದಲೇ ಇಲ್ಲ ಅಂತ ನೀವೇ ಹೇಳಿದ್ರಿ. ಬೇಜಾರು ಮಾಡ್ಕೋಬೇಡಿ ಜತ್ತಪ್ಪ."

ಜತ್ತಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. ಅದಕ್ಕೆ ಉಸಿರು ಬೇಕಾಗುತ್ತದೆ. ಅವನ ಮಂಡೆಯಲ್ಲಿ ಆ ಎರಡು ಮಾತುಗಳು, ಮುದಲೆ ಮತ್ತು ಮೊದಲೇ, ಕೋಳಿ ಅಂಕದ ಹುಂಜಗಳ ಹಾಗೆ ಒಂದರ ಮೇಲೊಂದು ಹಾರಿದವು. ಅಂದರೆ ತಾನು ಬಾಯಿ ಮುಚ್ಚಿಕೊಂಡು "ಹನ್ನೊಂದು ವರ್ಷ" ಎಂದು ಮಾತ್ರ ಹೇಳಿದ್ದರೆ ಸಾಕಿತ್ತು. ಹೋದ ದೀಪಾವಳಿಯ ಭಾವ ತನ್ನಿಂದ ತಾನೇ ಗಾಡಿ ಹತ್ತುತ್ತಿದ್ದ! ಈಗ ಮೇ ತಿಂಗಳ ಪತ್ತನಾಜೆಯ ದಿನ ಯಕ್ಷಗಾನ ಮೇಳದವರು ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಅವನು ಅಂಗಡಿ ಬಿಚ್ಚಬೇಕು. ಮೊದಲೇ ಅಲ್ಲ ಸ್ವಾಮಿ, ಮುದಲೆ, ಬಾಯಿ ಹೀಗೆ ದೊಡ್ಡದಾಗಿರುವ ಪ್ರಾಣಿ ಎಂದು ಬಿಡಿಸಿ ಹೇಳಿದರೆ? ಅಂಥ ಕೆರೆಯ ಹತ್ತಿರ ಜನರನ್ನು ಬಿಡುವವರುಂಟೇ, ಎರಡೂ ದಡಕ್ಕೆ ಬೇಲಿ. ಪ್ರಾಣಿಯೇ ಇಲ್ಲ ಎಂದರೆ? ಸರಕಾರಕ್ಕೆ ಸುಳ್ಳು ಹೇಳಿ ಸಹಿ ಹಾಕಿದ್ದಾಯಿತು, ಅದೂ ಮುಕ್ಕಾಲು ಕಾಗದದಷ್ಟು ದೊಡ್ಡ ಸಹಿ.

ನೀಲಾವತಿ ಒಲೆಯ ಹತ್ತಿರದಿಂದ ನೋಡುತ್ತಿದ್ದಳು. ಬಾಣಲೆಯಲ್ಲಿ ಗೋಳಿಬಜೆ ಸೀದು ಕಪ್ಪಾಗುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಅದು ಮೊದಲ ಸಲ.

ಅಷ್ಟರಲ್ಲಿ ಚಿನ್ನಯ್ಯನ ಹಾಡು ಹತ್ತಿರವಾಯಿತು. ಸಾಹೇಬರನ್ನು ಆ ದಡಕ್ಕೆ ಕರೆದೊಯ್ಯಲು ಅವನು ನೀಲಿ ದೋಣಿ ತಂದಿದ್ದ. ದಡಕ್ಕೆ ಹಾರಿ ಕೈ ಮುಗಿದ. ಹಾಳಾದವನು ಕೈ ಮುಗಿದರೂ ಚಂದ ಕಾಣುತ್ತಿದ್ದ.

"ಬನ್ನಿ ಚಿನ್ನಯ್ಯ!" ಎಂದರು ಸಾಹೇಬರು. "ಅದೃಷ್ಟವಂತರು ನೀವು. ಇಂಥ ಭಾವ ಯಾರಿಗೆ ಸಿಗ್ತಾರೆ? ನಿಮ್ಮ ದಡದಲ್ಲಿ ದೋಣಿ, ಸ್ನಾನ, ತಿಂಡಿ ಎಲ್ಲಾ ಮೊದಲೇ ಉಂಟು, ಮೊದಲೇ ಉಂಟು ಅಂತ ಒಂದೇ ಸಮ ಹೇಳಿದ್ರು. ಆ ಮರದ ಮೆಟ್ಟಿಲು ಕೂಡ ಬೆರಳು ಮಾಡಿ ತೋರಿಸಿದ್ರು."

ಚಿನ್ನಯ್ಯ ಬೊಡ್ಡೆಯ ಕಡೆ ನೋಡಿದ. ಗೆರಟೆಯ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಅವನು ಭಾವನ ಕಡೆ ತಿರುಗಿದ. ಅವನ ಮೀಸೆಯ ಒಂದು ತುದಿ ನಡುಗಿತು. ತಿಳಿಯಿತು, ಪಾಪಿಗೆ ಎಲ್ಲ ತಿಳಿಯಿತು ಎಂದು ಜತ್ತಪ್ಪ ಒಳಗೇ ನೀರಾದ. ಇನ್ನು ಅವನು ಒಂದು "ಹೌದು ಸ್ವಾಮಿ" ಎಂದರೆ ಮುಗಿಯಿತು. ಇಡೀ ಕೆರೆ ಅವನದು.

ಚಿನ್ನಯ್ಯ ತಂಗಿಯ ಮುಖ ನೋಡಿದ. ಕಪ್ಪಾದ ಬಾಣಲೆ ನೋಡಿದ.

"ಸ್ವಾಮಿ," ಎಂದ ಕೊನೆಗೆ, "ನಮ್ಮ ಭಾವ ತನ್ನದನ್ನು ತಾನು ಹೇಳಿಕೊಳ್ಳುವವರೇ ಅಲ್ಲ. ಹಗಲೂ ರಾತ್ರಿ ಅವರಿಗೆ ಆ ದಡದ್ದೇ ಚಿಂತೆ."

"ಅದೇ ನಾನು ಹೇಳಿದ್ದು!"

"ಸತ್ಯ ಎಂತ ಅಂದ್ರೆ, ನಾನು ಬಂದದ್ದು ಹೋದ ದೀಪಾವಳಿಗೆ. ಹನ್ನೊಂದು ವರ್ಷದಿಂದ ಇಲ್ಲಿ ಇರುವವರು ಭಾವ. ನನ್ನ ದಡದಲ್ಲಿ ಜನ ತಿನ್ನುವುದೆಲ್ಲ ಈ ಒಲೆಯಿಂದ ಬರುವುದು, ನನ್ನ ತಂಗಿ ಕಟ್ಟಿಕೊಡುವುದು. ಅಲ್ಲಿ ಒಂದು ಒಲೆ ಕೂಡ ಇಲ್ಲ, ಬಂದು ನೋಡಿ. ಅಂಗಡಿ ಎರಡಲ್ಲ ಸ್ವಾಮಿ. ಒಂದೇ ಅಂಗಡಿ, ಎರಡು ದಡ."

"ಹಾಗಾದ್ರೆ ಅಜ್ಜನ ಕಾಲದ್ದು ಅಂದದ್ದು?"

"ಅದು ನಮ್ಮ ಭಾವನ ಪ್ರೀತಿ. ಪ್ರೀತಿ ಬಂದ್ರೆ ಅವರು ಸ್ವಲ್ಪ ಹೆಚ್ಚೇ ಹೇಳ್ತಾರೆ."

ಕಾಡಿನಿಂದ ಹಿಂದಿರುಗಿದ್ದ ಹಾಜಬ್ಬ, "ಹನ್ನೊಂದು ವರ್ಷದಿಂದ ನಾನೇ ಇಲ್ಲಿ ಚಾ ಕುಡಿಯುವುದು ಸಾಹೇಬ್ರೇ, ನನ್ನದೂ ಒಂದು ಸಹಿ ಹಾಕಿಸಿ," ಎಂದು ಮುಂದೆ ಬಂದ. ಸಾಹೇಬರು ಹಳೆಯ ಕಾಗದ ಹರಿದರು. ಅವರ ಕನ್ನಡಕ ಮಂಜಾಗಿತ್ತು. ತನ್ನ ಅನ್ನವನ್ನೇ ಭಾವನಿಗೆ ಬಿಟ್ಟುಕೊಡಲು ಹೊರಟ ಜತ್ತಪ್ಪ, ಅದನ್ನು ಒಲ್ಲೆ ಎಂದ ಚಿನ್ನಯ್ಯ. ಈ ಜಿಲ್ಲೆಯನ್ನು ಮೈಸೂರಿಗೆ ಸೇರಿಸಿಕೊಂಡದ್ದು ಸಾರ್ಥಕವಾಯಿತು ಎಂದರು. ಎರಡು ದಡಕ್ಕೂ ಸೇರಿ ಒಂದೇ ಪರವಾನಗಿ ಬರೆದರು. ಬರೆಯುತ್ತಾ ತಲೆ ಎತ್ತಿ ಕೇಳಿದರು: "ಯಾರ ಹೆಸರು ಮೊದಲು?"

"ಭಾವನದೇ ಮೊದಲು," ಎಂದ ಚಿನ್ನಯ್ಯ, ಜತ್ತಪ್ಪ ಬಾಯಿ ತೆರೆಯುವುದಕ್ಕೂ ಮೊದಲು. ಬಿಟ್ಟುಕೊಡುವುದರಲ್ಲೂ ಈ ಮನುಷ್ಯ ತನ್ನನ್ನು ಹಿಂದೆ ಹಾಕಿದನಲ್ಲ ಎಂದು ಜತ್ತಪ್ಪ ಹಲ್ಲು ಕಚ್ಚಿದ.

ಹಲಸಿನ ಬೊಡ್ಡೆ ಅಲ್ಲೇ ಉಳಿಯಿತು. ಸಾಹೇಬರು ದೋಣಿಯಿಂದ ಇಳಿದದ್ದು ಅದರ ಮೇಲೆ ಕಾಲಿಟ್ಟೇ. "ಎಷ್ಟು ಅನುಕೂಲ!" ಎಂದು ಅವರು ಆ ದಡದಲ್ಲಿ ಹೇಳಿದ್ದು ಈ ದಡಕ್ಕೆ ಸ್ಪಷ್ಟವಾಗಿ ಕೇಳಿಸಿತು.

ಸಂಜೆ ಬಸ್ಸು ಹೋದ ಮೇಲೆ ನೀಲಾವತಿ ಹೊಸ ಎಣ್ಣೆ ಇಟ್ಟು, ಹೊಸ ಹಿಟ್ಟು ಕಲಸಿ, ಮೊದಲ ಬಾಣಲೆಯನ್ನು ಜತ್ತಪ್ಪನ ಬಟ್ಟಲಿಗೆ ಹಾಕಿದಳು. ಅವನ ಎದುರು ಕೂತಳು. ಇಷ್ಟು ವರ್ಷ ಅಣ್ಣನಿಗೆ ಮೀಸಲಿಟ್ಟ ನೋಟದಲ್ಲಿ ಅವನನ್ನು ನೋಡಿದಳು.

"ನಾನು ಎಂತೆಂತದೋ ಗ್ರಹಿಸಿದ್ದೆ," ಎಂದಳು. "ನೀವು ಆ ದಡ ನೋಡಿ ಹೊಟ್ಟೆ ಉರಿಸಿಕೊಳ್ತೀರಿ ಅಂತ. ನನ್ನ ಅಣ್ಣನನ್ನು ಉಳಿಸ್ಲಿಕ್ಕೆ ನಿಮ್ಮ ಅಂಗಡಿಯನ್ನೇ ಕೊಡ್ಲಿಕ್ಕೆ ಹೊರಟಿರಲ್ಲ! ನಿಮ್ಮ ಹಾಗಿನವರು ಇಲ್ಲ. ನನ್ನ ಅಣ್ಣನಿಗೂ ಅಷ್ಟು ದೊಡ್ಡ ಮನಸ್ಸಿಲ್ಲ."

ಬಂತು. ಹದಿನಾಲ್ಕು ವರ್ಷ ಕಾದ ಮಾತು ಪೂರ್ತಿಯಾಗಿ, ಬಡ್ಡಿ ಸಮೇತ ಬಂತು. ಜತ್ತಪ್ಪನ ಬಾಯಲ್ಲಿದ್ದ ಗೋಳಿಬಜೆ ಅತ್ತ ಒಳಗೂ ಹೋಗದು, ಇತ್ತ ಹೊರಗೂ ಬಾರದು. ಅವಳು ಹೊಗಳುತ್ತಿರುವ ಆ ಜತ್ತಪ್ಪ ಯಾರು? ಅವನನ್ನು ಕಂಡರೂ ಸ್ವಲ್ಪ ಹೊಟ್ಟೆ ಉರಿಯಿತು.

ಆಗ ನೀರಿನ ಮೇಲಿಂದ, ಮುಳುಗುವ ಸೂರ್ಯನ ಕೆಂಪಿನಲ್ಲಿ, ಆ ಸ್ವರ ಬಂತು.

"ಭಾವಾ! ಓ ಭಾವಾ! ಅಲ್ಲಿ ಮುದಲೆ ಉಂಟಾ?"

ನೀಲಾವತಿ ಹುಬ್ಬು ಏರಿಸಿದಳು. "ಮುದಲೆಯಾ? ಅಣ್ಣ ಎಂತ ಕೇಳುವುದು?"

ಜತ್ತಪ್ಪ ಗೋಳಿಬಜೆಯನ್ನು ಹೇಗೋ ನುಂಗಿದ. ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು ಕೂಗಿದ. ಆ ಕೂಗು ಪಾದೆಗೆ ಬಡಿದು, ಕಾಡು ದಾಟಿ, ಮುಂಡಾಜೆಯಲ್ಲಿ ಮಲಗಿದ್ದ ಎರಡು ಎಮ್ಮೆಗಳನ್ನು ಎಬ್ಬಿಸಿತು.

"ಉಂಟು ಭಾವಾ! ನಿಮ್ಮ ದೋಣಿಯಲ್ಲೇ ಕೂತ್ಕೊಂಡುಂಟು! ಬಾಯಿ ಬಿಟ್ಕೊಂಡು ನಗ್ತಾ ಉಂಟು!"

ಆ ದಡದ ನಗು ತೆರೆ ತೆರೆಯಾಗಿ ಬಂತು. ಅಂದಿನಿಂದ ದಿನಾ ಸಂಜೆ ಆ ಪ್ರಶ್ನೆ, ಈ ಉತ್ತರ. ಕೇಳಿದವರು ಅದು ನೀರಪಲ್ಕೆಯ ಪದ್ಧತಿ ಎಂದುಕೊಂಡು ತಾವೂ ಕೂಗಿ ಹೋಗುತ್ತಿದ್ದರು.

ನೀಲಾವತಿ ಎರಡನೆಯ ಬಾಣಲೆ ತೆಗೆದು, ಬಾಳೆಲೆ ಹರಡಿ, ಆ ದಡಕ್ಕೆ ಕಟ್ಟಲು ಕೂತಳು. ಜತ್ತಪ್ಪ ತನ್ನ ಬಟ್ಟಲನ್ನು ಓರೆಗಣ್ಣಿನಲ್ಲಿ ಎಣಿಸಿದ. ತಿಂದದ್ದೂ ಸೇರಿ ಹತ್ತು. ಆಮೇಲೆ ಬಾಳೆಲೆಯ ಕಡೆ ಕತ್ತು ಚಾಚಿ ಎಣಿಸಿದ.

ಹನ್ನೊಂದು.